ಡೇಟಾ ಫೈಲುಗಳನ್ನು ಪ್ರೋಗ್ರಾಮಿನೊಳಗೇ ಹುದುಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜೇಸನ್, ಸಿಎಸ್‌ವಿ, ಯಾಮಲ್, ಎಕ್ಸ್‌ಎಮ್‌ಎಲ್ ಮುಂತಾದ ರಚನೆಯುಳ್ಳ ಡೇಟಾ ಫೈಲುಗಳನ್ನು ಕಂಪೈಲ್ ಆದ ಪ್ರೋಗ್ರಾಮಿನ ಒಳಗೇ ಸೇರಿಸಿ ಒಂದೇ ಫೈಲಾಗಿ ಹಂಚುವ ಪದ್ಧತಿಯ ಬಗ್ಗೆ ಮೇಲಿಂದ ಮೇಲೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಉದಾಹರಣೆಗಳು ಹೆಚ್ಚಾಗಿ ಸಿ, ಗೋ ಮತ್ತು ರಸ್ಟ್ ಭಾಷೆಗಳವು. ಕಂಪೈಲ್ ಆಗುವ ಉಳಿದ ಭಾಷೆಗಳಲ್ಲೂ ತೊಡಕುಗಳು ಬಹುತೇಕ ಇವೇ.

ಹುದುಗಿಸಿದ ಡೇಟಾ ಎಲ್ಲಿ ಹೋಗಿ ಸೇರುತ್ತದೆ?

ಫೈಲಿನ ಬೈಟುಗಳು ಇದ್ದದ್ದು ಇದ್ದಂತೆಯೇ ಎಕ್ಸಿಕ್ಯೂಟಬಲ್ ಫೈಲಿನ ಒಂದು ವಿಭಾಗಕ್ಕೆ ನಕಲಾಗುತ್ತವೆ. ಲಿನಕ್ಸ್‌ನ ಇಎಲ್‌ಎಫ್ ಮಾದರಿಯಲ್ಲಿ ಅದು ಸಾಮಾನ್ಯವಾಗಿ ಓದಲು ಮಾತ್ರ ಅವಕಾಶವಿರುವ ‘ಆರ್‌ಒಡೇಟಾ’ ವಿಭಾಗವಾಗಿರುತ್ತದೆ. ಪ್ರೋಗ್ರಾಮಿಗೆ ಅದು ಒಂದು ವಿಳಾಸ ಮತ್ತು ಒಂದು ಉದ್ದವಾಗಿ ಮಾತ್ರ ಕಾಣುತ್ತದೆ. ಫೈಲ್ ತೆರೆಯುವ ಮಾತಿಲ್ಲ, ಪಾತ್ ಹುಡುಕುವ ಮಾತಿಲ್ಲ, ಅನುಮತಿ ಸಿಗದೆ ಸೋಲುವ ಸಂಭವವೂ ಇಲ್ಲ. ಆದರೆ ಕಂಪೈಲರ್‌ಗೆ ಆ ಬೈಟುಗಳ ಅರ್ಥ ಗೊತ್ತಿರುವುದಿಲ್ಲ ಎಂಬುದನ್ನು ಮರೆಯಬಾರದು. ಒಂದು ಅಲ್ಪವಿರಾಮ ತಪ್ಪಿದ ಜೇಸನ್ ಫೈಲನ್ನೂ ಅದು ತಕರಾರಿಲ್ಲದೆ ಒಳಗೆ ಸೇರಿಸಿಕೊಳ್ಳುತ್ತದೆ, ಮತ್ತು ಆ ದೋಷ ಪ್ರೋಗ್ರಾಂ ಓಡುವಾಗಲೇ ಹೊರಬೀಳುತ್ತದೆ.

ಫೈಲನ್ನು ಪ್ರೋಗ್ರಾಮಿನ ಪಕ್ಕದಲ್ಲಿಟ್ಟರೆ ಸಾಲದೇ? ಯಾವುದನ್ನು ಹುದುಗಿಸಬೇಕು, ಯಾವುದನ್ನು ಬಿಡಬೇಕು?

ಈ ವಿಷಯದಲ್ಲಿ ನಿಜವಾಗಿ ನಿರ್ಧರಿಸಬೇಕಾದದ್ದು ಇದೊಂದೇ, ಉಳಿದವೆಲ್ಲ ಜಾರಿಗೆ ತರುವ ವಿಧಾನಗಳು. ಡೇಟಾವನ್ನು ಹುದುಗಿಸಿದ ಕ್ಷಣದಿಂದ ಅದರಲ್ಲಿ ಒಂದಕ್ಷರ ಬದಲಾದರೂ ಹೊಸ ಬಿಲ್ಡ್, ಹೊಸ ಪರೀಕ್ಷೆ, ಹೊಸ ಬಿಡುಗಡೆ ಬೇಕಾಗುತ್ತದೆ. ಆದ್ದರಿಂದ ಡೇಟಾ ಬದಲಾಗುವ ವೇಗವೂ ಕೋಡ್ ಬದಲಾಗುವ ವೇಗವೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಮತ್ತು ಎರಡನ್ನೂ ಬದಲಾಯಿಸುವವರು ಒಂದೇ ತಂಡದವರಾಗಿದ್ದರೆ, ಹುದುಗಿಸುವುದು ಒಳ್ಳೆಯದು. ದೋಷ ಸಂದೇಶಗಳ ಪಟ್ಟಿ, ಪರಿಶೀಲನೆಗೆ ಬೇಕಾದ ಸ್ಕೀಮಾ, ಡೇಟಾಬೇಸ್ ವಲಸೆಯ ಎಸ್‌ಕ್ಯುಎಲ್ ಫೈಲುಗಳು, ಮೂಲ ಸಂರಚನೆಯ ಪೂರ್ವನಿಗದಿತ ಮೌಲ್ಯಗಳು ಈ ಗುಂಪಿಗೆ ಸೇರುತ್ತವೆ. ಯೂನಿಕೋಡ್ ಅಕ್ಷರಗಳ ಗುಣಲಕ್ಷಣಗಳ ಕೋಷ್ಟಕವನ್ನು ಪೈಥಾನ್ ಮತ್ತು ಗೋ ಎರಡೂ ಇದೇ ರೀತಿ ತಮ್ಮೊಳಗೆ ಇಟ್ಟುಕೊಂಡಿವೆ. ಅರ್ಧವಿರಾಮಗಳಿಂದ ಬೇರ್ಪಡಿಸಿದ ಮೂಲ ಪಠ್ಯ ಫೈಲಿನಿಂದ ಒಂದು ಸಣ್ಣ ಪ್ರೋಗ್ರಾಂ ಆ ಕೋಷ್ಟಕಗಳನ್ನು ಸೃಷ್ಟಿಸುತ್ತದೆ.

ಬೆಲೆಪಟ್ಟಿ, ತೆರಿಗೆ ದರ, ತಡೆಹಿಡಿದ ವಿಳಾಸಗಳ ಪಟ್ಟಿ ಮುಂತಾದವು ಹಾಗಲ್ಲ. ಅವುಗಳನ್ನು ಬದಲಾಯಿಸುವವರು ಬೇರೆಯವರು, ಮತ್ತು ಅವರು ನಿಮ್ಮ ಬಿಡುಗಡೆಯ ದಿನಾಂಕಕ್ಕೆ ಕಾಯುವುದಿಲ್ಲ.

ಎರಡರ ನಡುವೆ ನಿಲ್ಲುವ ಉದಾಹರಣೆಯೆಂದರೆ ಕಾಲವಲಯಗಳ ಡೇಟಾ. ಗೋ ಭಾಷೆ 2020ರಲ್ಲಿ ಬಂದ 1.15ನೇ ಆವೃತ್ತಿಯಲ್ಲಿ ಇದಕ್ಕೆಂದೇ ಒಂದು ಪ್ಯಾಕೇಜ್ ಒದಗಿಸಿತು. ಅದನ್ನು ಸೇರಿಸಿಕೊಂಡರೆ ಪ್ರೋಗ್ರಾಮಿನ ಗಾತ್ರ ಸುಮಾರು 450 ಕೆಬಿ ಹೆಚ್ಚುತ್ತದೆ. ಈಗ 2024ರ ಮಾರ್ಚ್ 1ರಂದು ನಡೆದದ್ದನ್ನು ಗಮನಿಸಿ. ಅಂದು ಕಜಕಸ್ತಾನವು ಇಡೀ ದೇಶಕ್ಕೆ ಯುಟಿಸಿ+5 ಎಂಬ ಒಂದೇ ಕಾಲವಲಯವನ್ನು ಜಾರಿಗೆ ತಂದಿತು. ಅದಕ್ಕೂ ಮುನ್ನ ಹಳೆಯ ಕೋಷ್ಟಕದೊಂದಿಗೆ ಬಿಲ್ಡ್ ಆದ ಪ್ರೋಗ್ರಾಂ ಆ ಕೋಷ್ಟಕವನ್ನೇ ನಂಬಿದರೆ, ಅಲ್ಮಾಟಿಯ ಸಮಯವನ್ನು ಇಂದಿಗೂ ಒಂದು ಗಂಟೆ ಮುಂದಾಗಿ ತೋರಿಸುತ್ತದೆ. ಗೋ ಪ್ಯಾಕೇಜಿನ ವಿನ್ಯಾಸ ಮೆಚ್ಚತಕ್ಕದ್ದಾಗಿರುವುದು ಇಲ್ಲಿಯೇ: ಅದು ಮೊದಲು ವ್ಯವಸ್ಥೆಯಲ್ಲಿರುವ ಕಾಲವಲಯದ ಫೈಲುಗಳನ್ನು ಹುಡುಕುತ್ತದೆ, ಅವು ಎಲ್ಲಿಯೂ ಸಿಗದಿದ್ದಾಗ ಮಾತ್ರ ಒಳಗಿರುವ ಪ್ರತಿಗೆ ಬರುತ್ತದೆ.

ಸಿ ಭಾಷೆಯಲ್ಲಿ ಇದನ್ನು ಹೇಗೆ ಮಾಡುವುದು?

ಬಹುಕಾಲ ಭಾಷೆಯಲ್ಲೇ ಇದಕ್ಕೆ ದಾರಿ ಇರಲಿಲ್ಲ, ಆದ್ದರಿಂದ ಸುತ್ತುದಾರಿಗಳು ಹುಟ್ಟಿಕೊಂಡವು. ಎಲ್ಲರಿಗೂ ಪರಿಚಿತವಾದದ್ದು ಎಕ್ಸ್‌ಎಕ್ಸ್‌ಡಿ ಎಂಬ ಸಲಕರಣೆಯನ್ನು ‘ಐ’ ಆಯ್ಕೆಯೊಂದಿಗೆ ಓಡಿಸುವುದು. ಅದು ಪ್ರತಿ ಬೈಟನ್ನೂ ಹದಿನಾರರ ಮಾನದ ಸಂಖ್ಯೆಯಾಗಿ ಬರೆದು, ಒಂದು ಅರೇ ಮತ್ತು ಅದರ ಉದ್ದವನ್ನು ಹೇಳುವ ಒಂದು ವೇರಿಯಬಲ್ ಇರುವ ಸಿ ಫೈಲನ್ನು ಕೊಡುತ್ತದೆ. ಸಣ್ಣ ಫೈಲಿಗೆ ಇದು ಸಾಕು. ಆದರೆ ಒಂದೊಂದು ಬೈಟಿಗೂ ಸೊನ್ನೆ, ಎಕ್ಸ್, ಎರಡು ಅಂಕಿ, ಅಲ್ಪವಿರಾಮ ಮತ್ತು ಖಾಲಿ ಜಾಗ ಸೇರಿ ಆರು ಅಕ್ಷರಗಳಾಗುವುದರಿಂದ, 1 ಎಂಬಿ ಡೇಟಾ ಸುಮಾರು 6 ಎಂಬಿ ಸೋರ್ಸ್ ಕೋಡ್ ಆಗಿ ಉಬ್ಬುತ್ತದೆ, ಮತ್ತು ಕಂಪೈಲರ್ ಆ ಒಂದೊಂದು ಸಂಖ್ಯೆಯನ್ನೂ ಬಿಡಿಬಿಡಿಯಾಗಿ ಓದಿ ನೆನಪಿನಲ್ಲಿಡಬೇಕಾಗುತ್ತದೆ. ಇನ್ನೆರಡು ಸಂಗತಿಗಳನ್ನೂ ಗಮನಿಸಬೇಕು. ಆ ಅರೇಯ ಕೊನೆಯಲ್ಲಿ ಸೊನ್ನೆ ಬೈಟ್ ಇರುವುದಿಲ್ಲವಾದ್ದರಿಂದ ಅದನ್ನು ಸ್ಟ್ರಿಂಗ್ ಎಂದು ಭಾವಿಸಿ ಉದ್ದ ಅಳೆಯಲು ಹೋದರೆ ಓದು ಅರೇಯ ಗಡಿಯಾಚೆಗೆ ಹೋಗುತ್ತದೆ. ಜೊತೆಗೆ ಅದು ‘ಕಾನ್‌ಸ್ಟ್’ ಎಂದು ಘೋಷಿತವಾಗಿರುವುದಿಲ್ಲ, ಹಾಗಾಗಿ ಓದಲು ಮಾತ್ರದ ವಿಭಾಗದ ಬದಲು ಬರೆಯಬಹುದಾದ ವಿಭಾಗಕ್ಕೆ ಹೋಗುತ್ತದೆ.

ಎರಡನೆಯ ದಾರಿ ಕಂಪೈಲ್ ಆದ ತುಣುಕುಗಳನ್ನು ಒಂದೇ ಪ್ರೋಗ್ರಾಮಾಗಿ ಜೋಡಿಸುವ ಲಿಂಕರ್‌ನದು. ಗ್ನೂ ಲಿಂಕರ್‌ಗೆ ಫೈಲನ್ನು ಬೈನರಿ ಎಂದು ಹೇಳಿ ಕೊಟ್ಟರೆ ಅದು ನೇರವಾಗಿ ಆಬ್ಜೆಕ್ಟ್ ಫೈಲನ್ನು ತಯಾರಿಸುತ್ತದೆ. ಕಂಪೈಲರ್‌ನ ಮೇಲೆ ಭಾರವೇ ಬೀಳುವುದಿಲ್ಲ. ಆರಂಭ, ಅಂತ್ಯ, ಗಾತ್ರ ಎಂಬ ಮೂರು ಗುರುತುಗಳು ಹುಟ್ಟುತ್ತವೆ, ಅವುಗಳ ಹೆಸರಿನಲ್ಲಿ ನೀವು ಕೊಟ್ಟ ಪಾತ್ ಸಹ ಸೇರಿಕೊಳ್ಳುತ್ತದೆ. ಪರಿಣಾಮವಾಗಿ, ಫೈಲನ್ನು ಬೇರೆ ಫೋಲ್ಡರಿಗೆ ಸಾಗಿಸಿದ ದಿನ ಲಿಂಕ್ ಹಂತದಲ್ಲಿ ‘ಗುರುತು ಸಿಗಲಿಲ್ಲ’ ಎಂಬ ದೂರು ಬರುತ್ತದೆ. ಗಾತ್ರದ ಗುರುತು ಇನ್ನೊಂದು ಬಲೆ: ಗಾತ್ರ ಎಂಬುದು ಆ ಗುರುತಿನ ವಿಳಾಸವೇ ಹೊರತು ಆ ವಿಳಾಸದಲ್ಲಿರುವ ಮೌಲ್ಯವಲ್ಲ. ಅಂತ್ಯದಿಂದ ಆರಂಭವನ್ನು ಕಳೆದು ಉದ್ದ ಕಂಡುಕೊಳ್ಳುವುದು ಸುರಕ್ಷಿತ. ಅಸೆಂಬ್ಲರ್‌ನ ‘ಇನ್‌ಕ್‌ಬಿನ್’ ನಿರ್ದೇಶವೂ ಇದೇ ಕೆಲಸ ಮಾಡುತ್ತದೆ, ಹೆಸರುಗಳ ಮೇಲೆ ಹಿಡಿತ ಹೆಚ್ಚು.

ಸಿ23 ಮಾನಕದಲ್ಲಿ ಬಂದ ‘ಎಂಬೆಡ್’ ಪ್ರೀಪ್ರೊಸೆಸರ್ ನಿರ್ದೇಶ ಇವೆಲ್ಲಕ್ಕೂ ಉತ್ತರವಾಗಿದೆ. ಕ್ಲ್ಯಾಂಗ್ 19 ಮತ್ತು ಜಿಸಿಸಿ 15ನೇ ಆವೃತ್ತಿಗಳಿಂದ ಇದು ಲಭ್ಯವಿದೆ, ಸಿ++26ಕ್ಕೂ ಇದನ್ನು ಸೇರಿಸಿಕೊಳ್ಳಲಾಗಿದೆ. ತೋರಿಕೆಗೆ ಅದು ಅಲ್ಪವಿರಾಮಗಳಿಂದ ಬೇರ್ಪಟ್ಟ ಸಂಖ್ಯೆಗಳ ಸಾಲಾಗಿ ಬಿಚ್ಚಿಕೊಳ್ಳುತ್ತದೆಯಾದರೂ, ಕಂಪೈಲರ್‌ಗಳು ಒಳಗೊಳಗೆ ಬೈಟುಗಳನ್ನು ಒಟ್ಟಾಗಿ ಸಾಗಿಸಬಲ್ಲವು, ಹಾಗಾಗಿ ದೊಡ್ಡ ಫೈಲುಗಳೂ ಬೇಗ ಕಂಪೈಲ್ ಆಗುತ್ತವೆ. ‘ಲಿಮಿಟ್’ ಎಂಬ ಆಯ್ಕೆಯಿಂದ ಮೊದಲ ಇಷ್ಟು ಬೈಟುಗಳನ್ನಷ್ಟೇ ತೆಗೆದುಕೊಳ್ಳಬಹುದು, ‘ಸಫಿಕ್ಸ್’ ಆಯ್ಕೆಯಿಂದ ಕೊನೆಗೆ ಸೊನ್ನೆ ಬೈಟ್ ಸೇರಿಸಬಹುದು. ಆದರೆ ಫೈಲು ಖಾಲಿಯಾಗಿದ್ದರೆ ಸಫಿಕ್ಸ್ ಸೇರುವುದೇ ಇಲ್ಲ. ಆ ಸಂದರ್ಭಕ್ಕೆ ‘ಇಫ್ ಎಂಪ್ಟಿ’ ಎಂಬ ಪ್ರತ್ಯೇಕ ಆಯ್ಕೆಯನ್ನೂ ಬರೆಯಬೇಕು. ಕಂಪೈಲರ್ ಹೊಸದಾಗಿದ್ದರೆ ಬೇರೆ ದಾರಿಗಳನ್ನು ಯೋಚಿಸುವ ಅಗತ್ಯವೇ ಇಲ್ಲ ಎಂದು ನನ್ನ ಅಭಿಪ್ರಾಯ.

ಗೋ ಭಾಷೆಯಲ್ಲಿ ಎಂಬೆಡ್ ಬರೆದರೂ ವೇರಿಯಬಲ್ ಖಾಲಿಯಾಗಿಯೇ ಇರುತ್ತದೆ. ಏಕೆ?

ಬಹುಮಟ್ಟಿಗೆ ಕಾರಣ ಒಂದು ಖಾಲಿ ಜಾಗ. 2021ರ ಫೆಬ್ರವರಿಯಲ್ಲಿ ಬಂದ ಗೋ 1.16ರಿಂದ ಈ ಸೌಲಭ್ಯವಿದೆ, ಆದರೆ ನಿರ್ದೇಶವನ್ನು ಕಾಮೆಂಟಿನ ರೂಪದಲ್ಲಿ ಬರೆಯಬೇಕಾಗಿದೆ. ಎರಡು ಓರೆಗೆರೆಗಳಾದ ಕೂಡಲೇ, ನಡುವೆ ಜಾಗ ಬಿಡದೆ, ‘ಗೋ’, ವಿವರಣ ಚಿಹ್ನೆ, ‘ಎಂಬೆಡ್’ ಎಂದು ಬರಬೇಕು. ಓರೆಗೆರೆಗಳ ನಂತರ ಜಾಗ ಬಿಟ್ಟರೆ ಅದು ಸಾಮಾನ್ಯ ಕಾಮೆಂಟ್ ಆಗಿಬಿಡುತ್ತದೆ. ಕಂಪೈಲರ್ ಏನನ್ನೂ ಹೇಳುವುದಿಲ್ಲ, ವೇರಿಯಬಲ್ ಮಾತ್ರ ಖಾಲಿ ಉಳಿಯುತ್ತದೆ. ಹುದುಗಿಸಿದ ಡೇಟಾದ ಉದ್ದ ಸೊನ್ನೆಯಲ್ಲ ಎಂದು ಪರೀಕ್ಷಿಸುವ ಒಂದು ಸಾಲಿನ ಟೆಸ್ಟ್ ಈ ತೊಂದರೆಯನ್ನು ಆರಂಭದಲ್ಲೇ ಹಿಡಿಯುತ್ತದೆ.

ಉಳಿದ ನಿಯಮಗಳು ಕಟ್ಟುನಿಟ್ಟಾಗಿದ್ದರೂ ತರ್ಕಬದ್ಧವಾಗಿವೆ. ವೇರಿಯಬಲ್ ಪ್ಯಾಕೇಜ್ ಮಟ್ಟದಲ್ಲೇ ಇರಬೇಕು, ಫಂಕ್ಷನ್ನಿನ ಒಳಗಲ್ಲ. ಅದರ ಬಗೆ ಸ್ಟ್ರಿಂಗ್, ಬೈಟುಗಳ ಸ್ಲೈಸ್ ಅಥವಾ ಹಲವು ಫೈಲುಗಳಿಗಾಗಿ ಇರುವ ‘ಎಫ್‌ಎಸ್’ ಆಗಿರಬೇಕು. ಎರಡು ಚುಕ್ಕಿಗಳಿಂದ ಮೇಲಿನ ಫೋಲ್ಡರಿಗೆ ಹೋಗುವಂತಿಲ್ಲ, ಸಿಂಬಾಲಿಕ್ ಲಿಂಕುಗಳು ಸೇರುವುದಿಲ್ಲ. ಇಡೀ ಫೋಲ್ಡರನ್ನು ಹೆಸರಿಸಿದಾಗ ಚುಕ್ಕಿಯಿಂದ ಅಥವಾ ಅಂಡರ್‌ಸ್ಕೋರ್‌ನಿಂದ ಆರಂಭವಾಗುವ ಫೈಲುಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಅವೂ ಬೇಕಾದರೆ ಗೋ 1.18ರಿಂದ ‘ಆಲ್’ ಎಂಬ ಪೂರ್ವಪದವಿದೆ.

ವೆಬ್ ಸರ್ವರ್ ಬರೆಯುವವರಿಗೆ ಇನ್ನೊಂದು ಮಾತು. ಹೀಗೆ ಹುದುಗಿಸಿದ ಫೈಲುಗಳಿಗೆ ಬದಲಾವಣೆಯ ಸಮಯವೇ ಇರುವುದಿಲ್ಲ, ಅದು ಶೂನ್ಯ ಸಮಯವಾಗಿರುತ್ತದೆ. ಆದ್ದರಿಂದ ಗೋದ ಫೈಲ್ ಸರ್ವರ್ ‘ಲಾಸ್ಟ್ ಮಾಡಿಫೈಡ್’ ಹೆಡರ್ ಕಳಿಸುವುದಿಲ್ಲ, ಮತ್ತು ಬ್ರೌಸರ್ ತನ್ನಲ್ಲಿರುವ ಪ್ರತಿ ಹಳೆಯದಾಯಿತೇ ಎಂದು ವಿಚಾರಿಸಲು ಆಧಾರ ಸಿಗದೆ ಅದೇ ಫೈಲನ್ನು ಮತ್ತೆ ಮತ್ತೆ ಪೂರ್ತಿ ಇಳಿಸಿಕೊಳ್ಳಬಹುದು. ಪ್ರೋಗ್ರಾಂ ಆರಂಭವಾದಾಗ ಪ್ರತಿ ಫೈಲಿನ ಹ್ಯಾಶ್ (ಅದರ ಬೈಟುಗಳಿಂದ ಹುಟ್ಟುವ ಬೆರಳಚ್ಚಿನಂತಹ ಚಿಕ್ಕ ಸಂಖ್ಯೆ) ಲೆಕ್ಕಹಾಕಿ ‘ಈಟ್ಯಾಗ್’ ಹೆಡರ್ ಆಗಿ ಕೊಡುವುದು ಇದಕ್ಕೆ ಪರಿಹಾರ.

ರಸ್ಟ್‌ನಲ್ಲಿ?

‘ಇನ್‌ಕ್ಲೂಡ್ ಸ್ಟ್ರ್’ ಮತ್ತು ‘ಇನ್‌ಕ್ಲೂಡ್ ಬೈಟ್ಸ್’ ಎಂಬ ಎರಡು ಮ್ಯಾಕ್ರೋಗಳು ಭಾಷೆಯ ಜೊತೆಗೇ ಬರುತ್ತವೆ. ಮೊದಲನೆಯದು ಫೈಲು ಸರಿಯಾದ ಯುಟಿಎಫ್-8 ಆಗಿರದಿದ್ದರೆ ಕಂಪೈಲ್ ಹಂತದಲ್ಲೇ ನಿಲ್ಲಿಸುತ್ತದೆ. ಪಾತ್ ಅನ್ನು ಆ ಮ್ಯಾಕ್ರೋ ಬರೆದಿರುವ ಸೋರ್ಸ್ ಫೈಲಿನಿಂದ ಲೆಕ್ಕಹಾಕಲಾಗುತ್ತದೆ, ಪ್ರಾಜೆಕ್ಟಿನ ಬೇರಿನಿಂದಲ್ಲ. ಎರಡನೆಯದು ಕೊಡುವ ಬೈಟುಗಳಿಗೆ ವಿಳಾಸದ ಜೋಡಣೆಯ ಯಾವ ಖಾತರಿಯೂ ಇಲ್ಲ. ಅವುಗಳನ್ನು 32 ಬಿಟ್ ಸಂಖ್ಯೆಗಳ ಸಾಲೆಂದು ನೇರವಾಗಿ ಓದಬೇಕಿದ್ದರೆ, ಜೋಡಣೆಯನ್ನು ಸ್ಪಷ್ಟವಾಗಿ ಘೋಷಿಸಿದ ಸ್ಟ್ರಕ್ಟ್‌ನಲ್ಲಿ ಸುತ್ತಿಡಬೇಕು.

ಬೇರೆ ಭಾಷೆಗಳಲ್ಲಿ ಹೇಗಿದೆ?

ಜಿಗ್‌ನಲ್ಲಿ ‘ಎಂಬೆಡ್‌ಫೈಲ್’ ಇದೆ, ನಿಮ್‌ನಲ್ಲಿ ‘ಸ್ಟ್ಯಾಟಿಕ್‌ರೀಡ್’ ಇದೆ. ಡಿ ಭಾಷೆ ‘ಇಂಪೋರ್ಟ್’ ಪದವನ್ನೇ ಇದಕ್ಕೂ ಬಳಸುತ್ತದೆ, ಆದರೆ ಯಾವ ಫೋಲ್ಡರಿನಿಂದ ಓದಬಹುದೆಂದು ಕಂಪೈಲರ್‌ಗೆ ಮೊದಲೇ ಅನುಮತಿ ಕೊಟ್ಟಿರಬೇಕು. ಡಾಟ್‌ನೆಟ್‌ನಲ್ಲಿ ಪ್ರಾಜೆಕ್ಟ್ ಫೈಲಿನಲ್ಲಿ ‘ಎಂಬೆಡೆಡ್ ರಿಸೋರ್ಸ್’ ಎಂದು ಗುರುತು ಹಾಕಿದರೆ ಸಾಕು. ಕ್ಯೂಟಿ ಎಂಬ ಸಿ++ ಲೈಬ್ರರಿಗೆ ತನ್ನದೇ ಆದ ರಿಸೋರ್ಸ್ ಕಂಪೈಲರ್ ಇದೆ.

ಜೇಸನ್ ಆಗಿಯೇ ಹುದುಗಿಸಬೇಕೇ, ಅಥವಾ ಮೊದಲೇ ಪಾರ್ಸ್ ಮಾಡಿ ಕೋಡ್ ಆಗಿ ಪರಿವರ್ತಿಸಬೇಕೇ?

ಮೂರು ದಾರಿಗಳಿವೆ. ಮೊದಲನೆಯದು ಪಠ್ಯವನ್ನು ಹಾಗೆಯೇ ಹುದುಗಿಸಿ, ಓಡುವಾಗ ಮೊದಲ ಸಲ ಬೇಕಾದಾಗ ಪಾರ್ಸ್ ಮಾಡಿ (ಅಂದರೆ ಪಠ್ಯವನ್ನು ಬಿಡಿಸಿ ಪ್ರೋಗ್ರಾಮಿಗೆ ಬೇಕಾದ ರೂಪಕ್ಕೆ ತಂದು) ಇಟ್ಟುಕೊಳ್ಳುವುದು. ಇದಕ್ಕೆ ಗೋ 1.21ರಿಂದ ‘ಒನ್ಸ್‌ವ್ಯಾಲ್ಯೂ’, ರಸ್ಟ್ 1.80ರಿಂದ ‘ಲೇಜಿಲಾಕ್’ ಸಿದ್ಧವಾಗಿವೆ. ಕೆಲವು ನೂರು ಕೆಬಿಗಳವರೆಗೆ ಇದಕ್ಕಿಂತ ಹೆಚ್ಚಿನದನ್ನು ಮಾಡಲು ಹೋಗುವುದು ವ್ಯರ್ಥ ಶ್ರಮ. ಪಾರ್ಸ್ ಮಾಡುವುದನ್ನು ಪ್ರೋಗ್ರಾಂ ಆರಂಭದಲ್ಲೇ, ಎಲ್ಲ ಸಂದರ್ಭಗಳಲ್ಲೂ ಮಾಡುವ ಅಭ್ಯಾಸ ಮಾತ್ರ ಬೇಡ. ‘ಸಹಾಯ’ ಪಠ್ಯವನ್ನಷ್ಟೇ ತೋರಿಸಿ ಮುಗಿಯುವ ಆದೇಶವೂ ಆ ಬೆಲೆ ತೆರಬೇಕಾಗುತ್ತದೆ.

ಎರಡನೆಯದು ಬಿಲ್ಡ್ ಹಂತದಲ್ಲೇ ಫೈಲನ್ನು ಓದಿ, ಪರಿಶೀಲಿಸಿ, ಆಯಾ ಭಾಷೆಯ ಕೋಷ್ಟಕವಾಗಿ ಬರೆಯುವುದು. ಇದರ ದೊಡ್ಡ ಲಾಭ ವೇಗವಲ್ಲ. ಡೇಟಾದಲ್ಲಿನ ತಪ್ಪು ಕಂಪೈಲ್ ದೋಷವಾಗಿ ಬದಲಾಗುತ್ತದೆ ಎಂಬುದೇ ದೊಡ್ಡ ಲಾಭ. ಒಂದು ಉದಾಹರಣೆ ನೋಡಿ: ದೇಶಗಳ ಎರಡಕ್ಷರದ ಸಂಕೇತಗಳ ಯಾಮಲ್ ಪಟ್ಟಿಯಲ್ಲಿ ನಾರ್ವೆಯ ಸಂಕೇತವಾದ ‘ಎನ್‌ಒ’ ಅನ್ನು ಉದ್ಧರಣ ಚಿಹ್ನೆಗಳಿಲ್ಲದೆ ಬರೆದರೆ, ಯಾಮಲ್ 1.1 ನಿಯಮದಂತೆ ನಡೆಯುವ ಪಾರ್ಸರ್ ಅದನ್ನು ‘ಅಲ್ಲ’ ಎಂಬ ಬೂಲಿಯನ್ ಮೌಲ್ಯವೆಂದು ಓದುತ್ತದೆ. ‘ಪ್ರತಿ ಸಂಕೇತವೂ ಎರಡಕ್ಷರದ ಸ್ಟ್ರಿಂಗ್ ಆಗಿರಬೇಕು’ ಎಂದು ಬಿಲ್ಡ್ ಹಂತದಲ್ಲಿ ಪರಿಶೀಲಿಸಿದರೆ ಈ ದೋಷ ಬರೆದವರ ಯಂತ್ರದಲ್ಲೇ ಸಿಕ್ಕಿಬೀಳುತ್ತದೆ. ರಸ್ಟ್‌ನಲ್ಲಿ ಈ ಕೆಲಸ ಬಿಲ್ಡ್ ಸ್ಕ್ರಿಪ್ಟ್‌ನದು. ಅಲ್ಲಿ ‘ಈ ಫೈಲು ಬದಲಾದರೆ ಮತ್ತೆ ಓಡಿಸು’ ಎಂದು ಒಂದು ಫೈಲನ್ನು ಹೆಸರಿಸಿದೊಡನೆ ರಸ್ಟ್‌ನ ಬಿಲ್ಡ್ ಸಲಕರಣೆಯಾದ ಕಾರ್ಗೋ ಉಳಿದ ಫೈಲುಗಳ ಬದಲಾವಣೆಯನ್ನು ಲೆಕ್ಕಿಸುವುದನ್ನು ಬಿಡುತ್ತದೆ, ಆದ್ದರಿಂದ ಓದುವ ಎಲ್ಲ ಫೈಲುಗಳನ್ನೂ ಹೆಸರಿಸಬೇಕು.

ಮೂರನೆಯದು ಫ್ಲ್ಯಾಟ್‌ಬಫರ್ಸ್‌ನಂತಹ, ಪಾರ್ಸ್ ಮಾಡದೆಯೇ ನೇರವಾಗಿ ಓದಬಹುದಾದ ಬೈನರಿ ರೂಪ. ಹತ್ತಾರು ಎಂಬಿ ಡೇಟಾದಲ್ಲಿ ಒಂದೆರಡು ದಾಖಲೆಗಳಷ್ಟೇ ಬೇಕಾಗುವ ಪ್ರೋಗ್ರಾಮಿಗೆ ಇದು ಸರಿಹೊಂದುತ್ತದೆ.

ಯಾವ ದಾರಿ ಹಿಡಿದರೂ ಫೈಲನ್ನು ಪಾರ್ಸ್ ಮಾಡಿ ಪರಿಶೀಲಿಸುವ ಟೆಸ್ಟ್ ಒಂದು ಇರಲೇಬೇಕು. ಹುದುಗಿಸಿದ ಡೇಟಾ ಕೆಟ್ಟಿದ್ದರೆ ಬಳಕೆದಾರರು ಅದನ್ನು ಸರಿಪಡಿಸಿಕೊಳ್ಳಲಾರರು.

ಇದರಿಂದ ಪ್ರೋಗ್ರಾಂ ಹೆಚ್ಚು ಮೆಮೊರಿ ತಿನ್ನುವುದಿಲ್ಲವೇ?

ಫೈಲಿನ ಗಾತ್ರ ಹೆಚ್ಚುತ್ತದೆ, ಮೆಮೊರಿ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಆಪರೇಟಿಂಗ್ ಸಿಸ್ಟಂ ಎಕ್ಸಿಕ್ಯೂಟಬಲ್ ಫೈಲನ್ನು ಒಂದೇ ಸಲ ಪೂರ್ತಿ ಓದಿಕೊಳ್ಳುವುದಿಲ್ಲ. ಮುಟ್ಟಿದ ಪುಟಗಳನ್ನು ಮಾತ್ರ ತರುತ್ತದೆ, ಮತ್ತು ಅದೇ ಪ್ರೋಗ್ರಾಮಿನ ಹಲವು ಪ್ರತಿಗಳು ಓಡುತ್ತಿದ್ದರೆ ಓದಲು ಮಾತ್ರದ ಪುಟಗಳನ್ನು ಅವೆಲ್ಲವೂ ಹಂಚಿಕೊಳ್ಳುತ್ತವೆ. ಮೆಮೊರಿಯನ್ನು ನಿಜವಾಗಿ ತಿನ್ನುವುದು ಪಾರ್ಸ್ ಮಾಡಿದ ಮೇಲೆ ಹೀಪ್‌ನಲ್ಲಿ, ಅಂದರೆ ಓಡುವಾಗ ಪಡೆದುಕೊಳ್ಳುವ ಮೆಮೊರಿಯಲ್ಲಿ, ಹುಟ್ಟುವ ಮ್ಯಾಪುಗಳು ಮತ್ತು ಸ್ಟ್ರಿಂಗುಗಳು.

ಮೈಕ್ರೊಕಂಟ್ರೋಲರ್‌ಗಳ ಕಥೆ ಬೇರೆ. ಎಟಿಮೆಗಾ328ಪಿ ಚಿಪ್‌ನಲ್ಲಿ 32 ಕೆಬಿ ಫ್ಲ್ಯಾಶ್ ಇದ್ದರೆ ರ್‍ಯಾಮ್ ಇರುವುದು 2 ಕೆಬಿ ಮಾತ್ರ. ಅಲ್ಲಿ ಸಿ ಭಾಷೆಯ ‘ಕಾನ್‌ಸ್ಟ್’ ಅರೇ ಕೂಡ ಆರಂಭದಲ್ಲೇ ರ್‍ಯಾಮ್‌ಗೆ ನಕಲಾಗುವುದರಿಂದ, ‘ಪ್ರೋಗ್‌ಮೆಮ್’ ಎಂದು ಗುರುತು ಹಾಕಿ, ಓದಲು ಅದಕ್ಕೆಂದೇ ಇರುವ ಫಂಕ್ಷನ್ನುಗಳನ್ನು ಬಳಸದಿದ್ದರೆ, ಒಂದು ಸಾಧಾರಣ ಕೋಷ್ಟಕವೇ ಇಡೀ ರ್‍ಯಾಮನ್ನು ನುಂಗುತ್ತದೆ.

ಡೇಟಾವನ್ನು ಕುಗ್ಗಿಸಿ ಹುದುಗಿಸಬಹುದೇ?

ಹುದುಗಿಸಬಹುದು. ಕ್ಯೂಟಿಯ ಸಲಕರಣೆ ತಾನಾಗಿಯೇ ಕುಗ್ಗಿಸುತ್ತದೆ, ಗೋ ಕುಗ್ಗಿಸುವುದಿಲ್ಲ. ಆದರೆ ಕುಗ್ಗಿಸಿದ್ದನ್ನು ಬಳಸುವ ಮೊದಲು ಹೀಪ್‌ನಲ್ಲಿ ಬಿಡಿಸಲೇಬೇಕು, ಆಗ ಮೇಲೆ ಹೇಳಿದ ಪುಟಗಳ ಹಂಚಿಕೆಯ ಲಾಭ ಹೋಗುತ್ತದೆ. ಇನ್‌ಸ್ಟಾಲರ್ ಅಥವಾ ಕಂಟೇನರ್ ಇಮೇಜು ಹೇಗೂ ಕುಗ್ಗಿದ ರೂಪದಲ್ಲೇ ಸಾಗುವುದಾದರೆ ಎರಡನೇ ಸಲ ಕುಗ್ಗಿಸಿ ಪ್ರಯೋಜನವಿಲ್ಲ.

ಪಾಸ್‌ವರ್ಡ್ ಅಥವಾ ಎಪಿಐ ಕೀಲಿಯನ್ನು ಹೀಗೆ ಬಚ್ಚಿಡಬಹುದೇ?

ಇಲ್ಲ. ‘ಸ್ಟ್ರಿಂಗ್ಸ್’ ಎಂಬ ಆದೇಶವನ್ನು ಬೈನರಿಯ ಮೇಲೆ ಓಡಿಸಿದರೆ ಅದು ಕಣ್ಣೆದುರಿಗೇ ಕಾಣುತ್ತದೆ, ಮತ್ತು ಗೂಢಲಿಪಿಯಲ್ಲಿಟ್ಟರೂ ಬಿಡಿಸುವ ಕೀಲಿ ಅದೇ ಬೈನರಿಯಲ್ಲಿ ಇರಬೇಕಾಗುತ್ತದೆ.

ಒಂದು ಯಂತ್ರದಲ್ಲಿ ಬಿಲ್ಡ್ ಮಾಡಿದರೆ ಸರಿ, ಇನ್ನೊಂದರಲ್ಲಿ ಮಾಡಿದರೆ ಪಾರ್ಸ್ ದೋಷ ಅಥವಾ ಹ್ಯಾಶ್ ವ್ಯತ್ಯಾಸ. ಏಕೆ?

ಎರಡು ಹಳೆಯ ಆರೋಪಿಗಳನ್ನು ಮೊದಲು ವಿಚಾರಿಸಿ. ಮೊದಲನೆಯದು ಕೆಲವು ಎಡಿಟರ್‌ಗಳು ಮತ್ತು ಸ್ಪ್ರೆಡ್‌ಶೀಟ್ ಪ್ರೋಗ್ರಾಂಗಳು ಯುಟಿಎಫ್-8 ಫೈಲಿನ ತಲೆಗೆ ಸೇರಿಸುವ ಮೂರು ಬೈಟುಗಳ ಗುರುತು, ಅಂದರೆ ಬಿಒಎಮ್. ಅದು ಕಣ್ಣಿಗೆ ಕಾಣುವುದಿಲ್ಲ. ಗೋದ ಜೇಸನ್ ಪಾರ್ಸರ್ ಅದನ್ನು ಕಂಡಾಗ ತಲೆಯ ಮೇಲೆ ಎರಡು ಚುಕ್ಕಿಗಳಿರುವ ‘ಐ’ ಅಕ್ಷರವನ್ನು ಹೆಸರಿಸಿ ದೂರುತ್ತದೆ. ಅದು ಆ ಮೂರರಲ್ಲಿ ಮೊದಲನೆಯ ಬೈಟು. ಸಿಎಸ್‌ವಿ ಆಗಿದ್ದರೆ ಇನ್ನೂ ಮೋಸ: ದೋಷವೇ ಬರುವುದಿಲ್ಲ, ಮೊದಲ ಕಾಲಮ್ಮಿನ ಹೆಸರಿಗೆ ಆ ಬೈಟುಗಳು ಅಂಟಿಕೊಂಡು, ಆ ಹೆಸರಿನಿಂದ ಹುಡುಕಿದಾಗ ಕಾಲಮ್ ಸಿಗುವುದಿಲ್ಲ.

ಎರಡನೆಯದು ಸಾಲಿನ ಅಂತ್ಯ. ವಿಂಡೋಸ್‌ನಲ್ಲಿ ಗಿಟ್‌ನ ಸ್ವಯಂ ಪರಿವರ್ತನೆ ಚಾಲೂ ಇದ್ದರೆ ಚೆಕ್ಔಟ್ ಮಾಡುವಾಗ ಪ್ರತಿ ಸಾಲಿನ ಕೊನೆಗೆ ಒಂದು ಹೆಚ್ಚುವರಿ ಬೈಟ್ ಸೇರುತ್ತದೆ, ಮತ್ತು ಹುದುಗುವುದು ಆ ಬದಲಾದ ಬೈಟುಗಳೇ. ಜೇಸನ್ ಪಾರ್ಸರ್ ಇದನ್ನು ಲೆಕ್ಕಿಸುವುದಿಲ್ಲವಾದರೂ ಹ್ಯಾಶ್ ಬೇರೆಯಾಗುತ್ತದೆ. ರೆಪಾಸಿಟರಿಯ ‘ಗಿಟ್‌ಆಟ್ರಿಬ್ಯೂಟ್ಸ್’ ಫೈಲಿನಲ್ಲಿ ಡೇಟಾ ಫೋಲ್ಡರಿನ ಫೈಲುಗಳನ್ನು ಮುಟ್ಟಬಾರದೆಂದು ಬರೆದಿಡಿ.

ಒಂದು ಇಡೀ ಎಸ್‌ಕ್ಯುಲೈಟ್ ಡೇಟಾಬೇಸನ್ನೇ ಹುದುಗಿಸಬಹುದೇ?

ಹೌದು, ಮತ್ತು ಸಂಬಂಧಗಳಿರುವ ದೊಡ್ಡ ಡೇಟಾಗೆ ಇದು ಜೇಸನ್‌ಗಿಂತ ಒಳ್ಳೆಯ ಆಯ್ಕೆ. ಎಸ್‌ಕ್ಯುಲೈಟ್‌ನ ‘ಡೀಸೀರಿಯಲೈಸ್’ ಫಂಕ್ಷನ್ ಮೆಮೊರಿಯಲ್ಲಿರುವ ಬೈಟುಗಳನ್ನೇ ಡೇಟಾಬೇಸ್ ಆಗಿ ತೆರೆಯುತ್ತದೆ, 3.36.0 ಆವೃತ್ತಿಯಿಂದ ಅದು ಪೂರ್ವನಿಯೋಜಿತವಾಗಿಯೇ ಲಭ್ಯವಿದೆ. ಓದಲು ಮಾತ್ರ ಎಂಬ ಫ್ಲ್ಯಾಗ್ ಕೊಡುವುದನ್ನು ಮರೆಯಬೇಡಿ, ಏಕೆಂದರೆ ಆ ಬೈಟುಗಳಿರುವ ವಿಭಾಗಕ್ಕೆ ಬರೆಯಲು ಹೋದರೆ ಪ್ರೋಗ್ರಾಂ ಅಲ್ಲೇ ಕುಸಿಯುತ್ತದೆ. ಡೇಟಾಬೇಸ್ ಡಬ್ಲ್ಯೂಎಎಲ್ ಎಂಬ (ಬದಲಾವಣೆಗಳನ್ನು ಮೊದಲು ಪ್ರತ್ಯೇಕ ಫೈಲಿಗೆ ಬರೆಯುವ) ಜರ್ನಲ್ ವಿಧಾನದಲ್ಲಿದ್ದರೆ ಅದು ತೆರೆಯುವುದಿಲ್ಲ. ಬಿಲ್ಡ್ ಮಾಡುವ ಮೊದಲು ಜರ್ನಲ್ ವಿಧಾನವನ್ನು ‘ಡಿಲೀಟ್’ಗೆ ಬದಲಿಸಿ, ನಂತರ ‘ವ್ಯಾಕ್ಯೂಮ್’ ಓಡಿಸಿ ಗಾತ್ರ ಇಳಿಸಿಕೊಳ್ಳಿ.

ಹುದುಗಿಸಿದ ಮೇಲೂ ಬಳಕೆದಾರರು ಡೇಟಾವನ್ನು ಬದಲಾಯಿಸುವಂತಿರಬೇಕು. ಹೇಗೆ?

ಕಾಲವಲಯದ ಉದಾಹರಣೆಯಲ್ಲಿ ಕಂಡ ಕ್ರಮವೇ ಇಲ್ಲಿಯೂ ಸಲ್ಲುತ್ತದೆ: ನಿಗದಿತ ಜಾಗದಲ್ಲಿ ಹೊರಗಿನ ಫೈಲು ಇದ್ದರೆ ಅದು, ಇಲ್ಲದಿದ್ದರೆ ಒಳಗಿನದು. ಆದರೆ ಎರಡನ್ನೂ ಬೆರೆಸುತ್ತೀರೋ, ಅಥವಾ ಒಂದು ಇನ್ನೊಂದನ್ನು ಪೂರ್ತಿ ತಳ್ಳಿಹಾಕುತ್ತದೆಯೋ ಎಂಬುದನ್ನು ಮೊದಲೇ ತೀರ್ಮಾನಿಸಿ ಬರೆದಿಡಿ. ಬೆರೆಸುವುದು ಸೌಜನ್ಯವೆಂದು ತೋರಿದರೂ, ಪಟ್ಟಿಯಿಂದ ಒಂದು ನಮೂದನ್ನು ತೆಗೆಯುವುದು ಹೇಗೆಂಬ ಪ್ರಶ್ನೆ ಬಂದಾಗ ತೊಡಕಾಗುತ್ತದೆ. ಹೊರಗಿನ ಫೈಲು ಇದ್ದೂ ಪಾರ್ಸ್ ಆಗದಿದ್ದರೆ ಸುಮ್ಮನೆ ಒಳಗಿನದಕ್ಕೆ ಜಾರಿಕೊಳ್ಳಬಾರದು, ದೋಷ ತೋರಿಸಿ ನಿಲ್ಲಬೇಕು; ಇಲ್ಲವಾದರೆ ತಾನು ಮಾಡಿದ ಬದಲಾವಣೆ ಏಕೆ ನಡೆಯುತ್ತಿಲ್ಲವೆಂದು ಬಳಕೆದಾರರು ದಿನಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಬಳಕೆದಾರರ ಬಳಿ ಓಡುತ್ತಿರುವ ಪ್ರೋಗ್ರಾಮಿನಲ್ಲಿ ಯಾವ ಡೇಟಾ ಇದೆ ಎಂದು ತಿಳಿಯುವುದು ಹೇಗೆ?

ಆವೃತ್ತಿಯನ್ನು ಹೇಳುವ ಆದೇಶದಲ್ಲೇ ಪ್ರೋಗ್ರಾಮಿನ ಆವೃತ್ತಿಯ ಜೊತೆಗೆ ಡೇಟಾದ ಆವೃತ್ತಿ, ಅದರ ಹ್ಯಾಶ್‌ನ ಮೊದಲ ಕೆಲವು ಅಕ್ಷರಗಳು, ಮತ್ತು ಈಗ ಬಳಕೆಯಲ್ಲಿರುವುದು ಒಳಗಿನ ಪ್ರತಿಯೋ ಹೊರಗಿನ ಫೈಲೋ ಎಂಬುದನ್ನು ಮುದ್ರಿಸಿ. ಡೇಟಾದ ಆವೃತ್ತಿಯನ್ನು ಫೈಲಿನ ಒಳಗೇ ಒಂದು ಕ್ಷೇತ್ರವಾಗಿ ಇಡಿ, ಫೈಲಿನ ಹೆಸರಿನಲ್ಲಲ್ಲ. ಹುದುಗಿದ ಮೇಲೆ ಹೆಸರು ಉಳಿಯುತ್ತದೆ ಎಂಬ ಖಾತರಿ ಎಲ್ಲ ವಿಧಾನಗಳಲ್ಲೂ ಇಲ್ಲ. ಬಿಲ್ಡ್ ಮಾಡಿದ ದಿನಾಂಕವನ್ನು ಮಾತ್ರ ಸೇರಿಸಬೇಡಿ. ಅದನ್ನು ಸೇರಿಸಿದರೆ ಅದೇ ಸೋರ್ಸ್‌ನಿಂದ ಮಾಡಿದ ಎರಡು ಬಿಲ್ಡ್‌ಗಳ ಬೈಟುಗಳು ಒಂದಕ್ಕೊಂದು ಹೊಂದದೆ, ಅವುಗಳನ್ನು ಹೋಲಿಸಿ ನೋಡುವ ದಾರಿಯೇ ಮುಚ್ಚಿಹೋಗುತ್ತದೆ.